ಕೊಲಂಬಸ್‌ನಿಂದ ನೈನ್ ಸಿಂಗ್‌ವರೆಗೆ: ಅನ್ವೇಷಕರ ಅಂಚೆಚೀಟಿಗಳನ್ನು ಹಾಳು ಮಾಡದೆ ಆಲ್ಬಂಗೆ ಸೇರಿಸುವುದು ಹೇಗೆ

ತಿಂಗಳಿಗೆ ಒಬ್ಬರಾದರೂ ಆಲ್ಬಂ ಹಿಡಿದುಕೊಂಡು ಮನೆಗೆ ಬರುತ್ತಾರೆ. "ಸ್ವಲ್ಪ ನೋಡಿ ಸಾರ್, ಕೊಲಂಬಸ್ ಇದ್ದಾನೆ, ವಾಸ್ಕೋ ಇದ್ದಾನೆ, ಏನು ಬೆಲೆ ಬರಬಹುದು?" ತೆರೆದರೆ ಅದೇ ಕಥೆ. ಚೀಟಿಗಳ ಹಿಂದೆ ಗಮ್ ಹಚ್ಚಿ ಹಾಳೆಗೆ ಅಂಟಿಸಿರುತ್ತಾರೆ. ಮೂಲೆಯ ಹಲ್ಲು, ಅಂದರೆ ಅಂಚಿನ ತೂತುಗಳ ಸಾಲಿನಿಂದ ಆಗುವ ಮೊನೆ, ಮುರಿದಿರುತ್ತದೆ. ಒಂದೆರಡಕ್ಕೆ ಕೆಂಪು ಲಕೋಟೆಯ ಬಣ್ಣ ಹತ್ತಿರುತ್ತದೆ. ಅಪರೂಪದ್ದು ಅಂತ ಜಾಸ್ತಿ ದುಡ್ಡು ಕೊಟ್ಟು ತಂದದ್ದು ಮಾತ್ರ ಅಪರೂಪದ್ದಾಗಿರುವುದಿಲ್ಲ.

ಇವರಲ್ಲಿ ಯಾರೂ ಸೋಮಾರಿಗಳಲ್ಲ. ಕೆಲಸದ ಕ್ರಮ ತಲೆಕೆಳಗಾಗಿದೆ, ಅಷ್ಟೇ. ಚೀಟಿ ಕೈಗೆ ಬಂದ ಕೂಡಲೇ ನೀರಿಗೆ ಹಾಕುತ್ತಾರೆ, ಒಣಗಿದ ಕೂಡಲೇ ಅಂಟಿಸುತ್ತಾರೆ, ಅದು ಏನು ಅಂತ ಹುಡುಕುವುದು ಕೊನೆಗೆ. ನಾನು ಇಲ್ಲಿ ಬರೆಯುತ್ತಿರುವುದು ಇದರ ಉಲ್ಟಾ ಕ್ರಮ. ಚೀಟಿ ಏನು ಅಂತ ಗೊತ್ತಾಗುವವರೆಗೆ ನೀರೂ ಬೇಡ, ಅಂಟೂ ಬೇಡ.

## ಮೊದಲು ಸಾಮಾನು ಜೋಡಿಸಿಕೊಳ್ಳಿ

ಚಪ್ಪಟೆ ತುದಿಯ ಚಿಮಟ ಒಂದು. ಹುಬ್ಬು ಕೀಳುವ ಚೂಪು ಚಿಮಟ ಬೇಡವೇ ಬೇಡ, ಅದು ಕಾಗದಕ್ಕೆ ತೂತು ಮಾಡುತ್ತದೆ. 10 ಪಟ್ಟು ದೊಡ್ಡದಾಗಿ ತೋರಿಸುವ ಮಸೂರ. ಹಲ್ಲು ಎಣಿಸುವ ಗೇಜ್. ಸಿಗದಿದ್ದರೆ ಸದ್ಯಕ್ಕೆ ಮಿಲಿಮೀಟರ್ ಗೆರೆ ಸ್ಪಷ್ಟವಾಗಿರುವ ಸ್ಕೇಲ್ ಸಾಕು. ಒಂದು ಸ್ಟಾಕ್ ಬುಕ್ (ಚೀಟಿಗಳನ್ನು ಅಂಟಿಸದೆ ಸಿಕ್ಕಿಸಿಡುವ ಪುಸ್ತಕ), ಸ್ವಲ್ಪ ಬ್ಲಾಟಿಂಗ್ ಪೇಪರ್, ಅಡುಗೆಮನೆಯಿಂದ ಎರಡು ಅಗಲ ತಟ್ಟೆ.

ಆಲ್ಬಂ ಈಗಲೇ ಕೊಳ್ಳಬೇಡಿ. ದಪ್ಪ ಆಲ್ಬಂ ಮನೆಗೆ ಬಂದರೆ ಅದನ್ನು ತುಂಬಿಸುವ ಆತುರ ಶುರುವಾಗುತ್ತದೆ, ಆಮೇಲೆ ಸಿಕ್ಕಿದ್ದೆಲ್ಲ ಒಳಗೆ ಹೋಗುತ್ತದೆ.

## ಹಂತ 1: ಒಂದೇ ಎಳೆ ಹಿಡಿಯಿರಿ

'ಜಗತ್ತಿನ ಅನ್ವೇಷಕರು' ಅಂತ ಶುರು ಮಾಡಿದವರು ಆರು ತಿಂಗಳಲ್ಲಿ ಕೈಬಿಡುತ್ತಾರೆ. ಕೊಲಂಬಸ್ ಒಬ್ಬನ ಮೇಲೆಯೇ ಎಷ್ಟೋ ದೇಶಗಳು ಚೀಟಿ ತಂದಿವೆ. ಒಬ್ಬ ವ್ಯಕ್ತಿಯನ್ನೋ ಒಂದು ದಾರಿಯನ್ನೋ ಒಂದು ಜಾಗವನ್ನೋ ಹಿಡಿಯಿರಿ.

ನಮ್ಮ ಕಡೆಯವರಿಗೆ ನಾನು ಹೇಳುವುದು ಎರಡು ಎಳೆ. ಒಂದು, ವಾಸ್ಕೋ ಡ ಗಾಮಾನ ಸಮುದ್ರದಾರಿ. 1498ರಲ್ಲಿ ಕಲ್ಲಿಕೋಟೆಗೆ ಬಂದವನು ವಾಪಸು ಹೋಗುವಾಗ ನಮ್ಮ ಕಾರವಾರದ ಎದುರಿಗಿರುವ ಅಂಜದೀವ್ ದ್ವೀಪದಲ್ಲಿ ಹಡಗು ನಿಲ್ಲಿಸಿದ್ದ. 400 ವರ್ಷದ ನೆನಪಿಗೆ 1898ರಲ್ಲಿ ಪೋರ್ಚುಗಲ್ ತಂದ ಚೀಟಿಗಳು ಗೋವಾದ ಅಂಚೆಯಲ್ಲೂ ಓಡಾಡಿದವು. ಎರಡನೆಯದು, ಭಾರತದ್ದೇ ಚೀಟಿಗಳು: 1953ರ ಎವರೆಸ್ಟ್ ಜೋಡಿ, 1983ರ ಮೊದಲ ಅಂಟಾರ್ಕ್ಟಿಕ ಯಾತ್ರೆಯ ಚೀಟಿ, 1991ರ ಅಂಟಾರ್ಕ್ಟಿಕ ಒಪ್ಪಂದದ ಜೋಡಿ, 2004ರ ನೈನ್ ಸಿಂಗ್. ಹೆಜ್ಜೆ ಎಣಿಸಿಯೇ ಟಿಬೆಟ್ ಅಳೆದ ಮನುಷ್ಯ ಆತ. ಜಪಮಾಲೆಯಲ್ಲಿ 108ರ ಬದಲು 100 ಮಣಿ ಇಟ್ಟುಕೊಂಡಿದ್ದನಂತೆ, ಲೆಕ್ಕ ಸುಲಭವಾಗಲಿ ಅಂತ. ಈ ಎರಡನೇ ಎಳೆ ಅಗ್ಗ, ಹೊಸಬರಿಗೆ ಒಳ್ಳೆಯದು.

ಎಳೆ ಸಿಕ್ಕ ಮೇಲೆ ಒಂದು ಹಾಳೆಯಲ್ಲಿ ಬೇಕಾದ ಚೀಟಿಗಳ ಪಟ್ಟಿ ಬರೆಯಿರಿ. ದೇಶ, ವರ್ಷ, ಬೆಲೆ, ಸೆಟ್‌ನಲ್ಲಿ ಎಷ್ಟು ಚೀಟಿ. ಸ್ಟಾನ್ಲಿ ಗಿಬ್ಬನ್ಸ್, ಸ್ಕಾಟ್, ಮಿಶೆಲ್ ಕ್ಯಾಟಲಾಗ್‌ಗಳು ದುಬಾರಿ. ಆದರೆ ಕಾಲ್ನೆಕ್ಟ್ ಅನ್ನುವ ಆನ್‌ಲೈನ್ ಕ್ಯಾಟಲಾಗ್‌ನಲ್ಲಿ ಇಷ್ಟು ಮಾಹಿತಿ ಸಿಗುತ್ತದೆ. ಈ ಪಟ್ಟಿ ಜೇಬಲ್ಲಿ ಇಲ್ಲದೆ ಅಂಗಡಿಗೆ ಕಾಲಿಡಬೇಡಿ.

## ಹಂತ 2: ಕೊಳ್ಳುವಾಗ

ಭಾರತದ ಹೊಸ ಚೀಟಿಗಳಿಗೆ ಅಂಚೆ ಇಲಾಖೆಯ ಫಿಲಾಟೆಲಿ ಬ್ಯೂರೋಗೆ, ಅಂದರೆ ಸಂಗ್ರಹಕಾರರಿಗೆ ಚೀಟಿ ಮಾರುವ ವಿಭಾಗಕ್ಕೆ ಹೋಗಿ. ಬೆಂಗಳೂರಿನ ಜಿಪಿಒದಲ್ಲಿ ಇದೆ. ಅಲ್ಲಿ ಠೇವಣಿ ಖಾತೆ ತೆರೆದರೆ ಹೊಸ ಚೀಟಿ ಬಂದಾಗೆಲ್ಲ ಮುಖಬೆಲೆಗೇ ಮನೆಗೆ ಕಳಿಸುತ್ತಾರೆ. ಹಳೆಯವಕ್ಕೆ ವ್ಯಾಪಾರಿಗಳೇ ಗತಿ. ಕರ್ನಾಪೆಕ್ಸ್ ತರಹದ ಪ್ರದರ್ಶನದಲ್ಲಿ ಹತ್ತಾರು ಸ್ಟಾಲ್ ಒಂದೇ ಕಡೆ ಇರುವುದರಿಂದ ಬೆಲೆ ಹೋಲಿಸಿ ನೋಡಬಹುದು.

'ಅನ್ವೇಷಕರು, 100 ಚೀಟಿ' ಅನ್ನುವ ಪ್ಯಾಕೆಟ್ ನೋಡಿದ್ದೀರಲ್ವಾ? ಅದರಲ್ಲಿ ಬಹುಪಾಲು ಸಿಟಿಓ ಚೀಟಿಗಳು. ಅಂದರೆ ಅಂಚೆಯಲ್ಲಿ ಓಡಾಡದೆ, ಸಂಗ್ರಹಕಾರರಿಗೆ ಮಾರಲಿಕ್ಕೆಂದೇ ಮೊಹರು ಹಾಕಿದವು. ಗುರುತು ಸುಲಭ. ಮೊಹರು ಮೂಲೆಯಲ್ಲಿ ಕಾಲು ವೃತ್ತದ ಹಾಗೆ ನೀಟಾಗಿ ಕೂತಿರುತ್ತದೆ, ತಿರುಗಿಸಿದರೆ ಹಿಂದೆ ಅಂಟು ಹಾಗೇ ಇರುತ್ತದೆ. ಲಕೋಟೆಗೆ ಅಂಟಿಸಿ ಕಳಿಸಿದ ಚೀಟಿಯ ಹಿಂದೆ ಅಂಟು ಹೇಗೆ ಉಳಿದೀತು? 1970ರ ಸುಮಾರಿನ ಅಜ್ಮಾನ್, ಫುಜೈರಾ, ಉಮ್ಮ್ ಅಲ್ ಕುವೈನ್ ಅನ್ನುವ ಕೊಲ್ಲಿಯ ಸಣ್ಣ ಸಂಸ್ಥಾನಗಳ ಚೀಟಿಗಳು ಇಂಥ ಪ್ಯಾಕೆಟ್‌ನಲ್ಲಿ ರಾಶಿ ಬೀಳುತ್ತವೆ. ನೋಡಲಿಕ್ಕೆ ಚೆಂದ, ಮಕ್ಕಳಿಗೆ ಕೊಡಬಹುದು. ಮುಂದೆ ಬೆಲೆ ಬರುತ್ತದೆ ಅಂತ ಮಾತ್ರ ಇಟ್ಟುಕೊಳ್ಳಬೇಡಿ.

ಇನ್ನು ಕೆಲವು ಚೀಟಿಯೇ ಅಲ್ಲ. ಯಾವುದೋ ದೇಶದ ಹೆಸರು ಹಾಕಿ ಯಾರೋ ಮುದ್ರಿಸಿದ ಬಣ್ಣದ ಕಾಗದ. 2002ರಿಂದ ಈಚಿನ ಚೀಟಿಯಾದರೆ ದೇಶಗಳು ತಮ್ಮ ಅಧಿಕೃತ ಚೀಟಿಗಳನ್ನು ದಾಖಲಿಸುವ ಜಾಗತಿಕ ಅಂಚೆ ಒಕ್ಕೂಟದ ಡಬ್ಲ್ಯುಎನ್‌ಎಸ್ ಪಟ್ಟಿಯಲ್ಲಿ ಹುಡುಕಿ. ಎಲ್ಲ ದೇಶಗಳೂ ಅದರಲ್ಲಿ ಸೇರಿಲ್ಲ, ಹಾಗಾಗಿ ಅಲ್ಲಿ ಇಲ್ಲದ್ದೆಲ್ಲ ಖೋಟಾ ಅಂತಲ್ಲ. ಆದರೆ ಪಟ್ಟಿಯಲ್ಲಿ ಇಲ್ಲದಿದ್ದರೆ ಕೊಳ್ಳುವ ಮೊದಲು ಇನ್ನೊಬ್ಬರನ್ನು ಕೇಳಿ.

## ಹಂತ 3: ಕಾಗದದ ಮೇಲಿರುವಾಗಲೇ ಗುರುತಿಸಿ

ಇಡೀ ಕೆಲಸದಲ್ಲಿ ಜಾಸ್ತಿ ಹೊತ್ತು ಹಿಡಿಯಬೇಕಾದದ್ದು ಇದು. ಎಲ್ಲರೂ ಹಾರಿಸುವುದೂ ಇದನ್ನೇ. ಮೇಜಿನ ದೀಪ ಹಚ್ಚಿ, ಚೀಟಿಯನ್ನು ಚಿಮಟದಲ್ಲಿ ಹಿಡಿದು, ಮಸೂರ ಕಣ್ಣಿಗೆ ಹತ್ತಿರ ತನ್ನಿ. ಮೂರು ಉದಾಹರಣೆ ತೋರಿಸುತ್ತೇನೆ.

ಕೊಲಂಬಸ್, ಅಮೆರಿಕ, 1893. ಶಿಕಾಗೋ ಮೇಳಕ್ಕೆ ತಂದ 16 ಚೀಟಿಗಳ ಸಾಲು ಇದು, 1 ಸೆಂಟ್‌ನಿಂದ 5 ಡಾಲರ್‌ವರೆಗೆ. ಮೊದಲು ಮೇಲಿನ ಎರಡು ಮೂಲೆ ನೋಡಿ. ಎಡಕ್ಕೆ 1492, ಬಲಕ್ಕೆ 1892 ಇದ್ದರೆ ಹಳೆಯದು. ಬಲಕ್ಕೆ 1992 ಇದ್ದರೆ ಅದು 500ನೇ ವರ್ಷಕ್ಕೆ ಅದೇ ಚಿತ್ರಗಳನ್ನು ಬಳಸಿ 6 ಸಣ್ಣ ಹಾಳೆಗಳಲ್ಲಿ ಮುದ್ರಿಸಿದ್ದು. ಒಂದೇ ಒಂದು ಅಂಕಿಯ ವ್ಯತ್ಯಾಸ. ನಾನೇ ಒಮ್ಮೆ ಸಂಜೆಗತ್ತಲಲ್ಲಿ, ಒಬ್ಬ ವ್ಯಾಪಾರಿಯ ಮಾತು ನಂಬಿ, ಆ ಮೂಲೆ ನೋಡದೆ ದುಡ್ಡು ಕೊಟ್ಟು ಬಂದೆ. ಮನೆಗೆ ಬಂದು ಮಸೂರ ಇಟ್ಟರೆ ಆ 9 ನನ್ನನ್ನೇ ನೋಡಿ ನಗುತ್ತಿತ್ತು.

ಆಮೇಲೆ 2 ಸೆಂಟ್‌ನದು. ಇದು ನೂರು ಕೋಟಿಗೂ ಜಾಸ್ತಿ ಮುದ್ರಣವಾದ ಚೀಟಿ. ಮೊಹರು ಬಿದ್ದ ಸಾಧಾರಣ ಪ್ರತಿ ಇವತ್ತಿಗೂ ಒಂದು ಮಸಾಲೆ ದೋಸೆಯ ಆಸುಪಾಸಿನ ಬೆಲೆಗೆ ಸಿಗುತ್ತದೆ. ಕೊಲಂಬಸ್‌ನ ಎಡಕ್ಕೆ ಮೂರನೇ ವ್ಯಕ್ತಿಯ ಟೋಪಿ ನೋಡಿ. ಕೆಲವು ಪ್ರತಿಗಳಲ್ಲಿ ಟೋಪಿಯಲ್ಲಿ ಬಿಳಿ ಸೀಳು ಇರುತ್ತದೆ. 'ಮುರಿದ ಟೋಪಿ, ಬಹಳ ಅಪರೂಪ' ಅಂತ ಹೇಳಿ ಮಾರುತ್ತಾರೆ. ಇದೂ ಬೇಕಾದಷ್ಟು ಸಿಗುತ್ತದೆ. ಸ್ವಲ್ಪ ಜಾಸ್ತಿ ಕೊಡಬಹುದು, ಹತ್ತು ಪಟ್ಟು ಕೊಡಬೇಡಿ.

ಅಮೆರಿಕದ ಅನ್ವೇಷಕ ರಿಚರ್ಡ್ ಬರ್ಡ್‌ನ ಅಂಟಾರ್ಕ್ಟಿಕ ಯಾತ್ರೆ, ಅಮೆರಿಕ, 1933. ಗೋಳದ ಚಿತ್ರ, 3 ಸೆಂಟ್, ಕಡು ನೀಲಿ. ಇದಕ್ಕೆ ಹಲ್ಲು ಎಣಿಸಬೇಕು. 2 ಸೆಂಟಿಮೀಟರ್ ಉದ್ದದಲ್ಲಿ ಎಷ್ಟು ತೂತು ಬರುತ್ತದೆ ಅನ್ನುವುದೇ ಹಲ್ಲಿನ ಲೆಕ್ಕ. 1933ರದ್ದಕ್ಕೆ 11 ಬರಬೇಕು. ಹಲ್ಲೇ ಇಲ್ಲದ ಬರ್ಡ್ ಚೀಟಿ ಕಂಡು "ತಪ್ಪಾಗಿ ಮುದ್ರಣವಾದದ್ದು ಸಿಕ್ಕಿತು" ಅಂತ ಕುಣಿಯುವವರನ್ನು ಬೇಕಾದಷ್ಟು ನೋಡಿದ್ದೇನೆ. ಅದು ತಪ್ಪಲ್ಲ. 1934ರಲ್ಲಿ ಒಂದು ಪ್ರದರ್ಶನಕ್ಕಾಗಿ 6 ಚೀಟಿಗಳ ಹಲ್ಲಿಲ್ಲದ ಹಾಳೆ ಬಂತು. 1935ರಲ್ಲಿ ಅಂಟು ಇಲ್ಲದೆ ಮತ್ತೆ ಮುದ್ರಿಸಿ ಮಾರಿದರು, ಹಲ್ಲಿರುವ ಚೀಟಿಯನ್ನೂ ಹಲ್ಲಿಲ್ಲದ ಹಾಳೆಯನ್ನೂ. ಹಿಂಬದಿ ಬರೀ ಕಾಗದ ಇದ್ದರೆ "ಅಂಟು ತೊಳೆದಿದ್ದಾರೆ" ಅಂತ ಬೈಯುವ ಮೊದಲು ಇದು ನೆನಪಿರಲಿ. ಹಲ್ಲೂ ಇಲ್ಲ, ಅಂಟೂ ಇಲ್ಲ ಅಂದರೆ 1934ರ ಅಥವಾ 1935ರ ಹಾಳೆಯದು ಇರಬಹುದು.

ವಾಸ್ಕೋ ಡ ಗಾಮಾ, ಪೋರ್ಚುಗಲ್ ಮತ್ತು ಅದರ ವಸಾಹತುಗಳು, 1898. ಇಲ್ಲಿ ಗೊಂದಲ ಬೇರೆ ತರಹದ್ದು. ಒಂದೇ ಚಿತ್ರಗಳು, ಊರು ಬೇರೆ ಬೇರೆ. ಪೋರ್ಚುಗಲ್, ಅಜೋರ್ಸ್, ಮಡೀರಾ, ಆಫ್ರಿಕಾ, ಮಕಾವ್, ತಿಮೋರ್, ಪೋರ್ಚುಗೀಸ್ ಇಂಡಿಯಾ, ಎಲ್ಲಕ್ಕೂ 8 ಚೀಟಿಯ ಸೆಟ್. ಚಿತ್ರ ನೋಡಿ ಗುರುತಿಸಲು ಹೋದರೆ ಸೋಲುತ್ತೀರಿ. ಹೆಸರನ್ನೂ ನಾಣ್ಯವನ್ನೂ ಓದಿ. ಗೋವಾದ್ದರಲ್ಲಿ ರೋಮನ್ ಅಕ್ಷರದಲ್ಲಿ ಇಂಡಿಯಾ ಅಂತ ಇರುತ್ತದೆ, ಬೆಲೆ ರೈಸ್ ಮತ್ತು ತಾಂಗಾದಲ್ಲಿ. ಬೆಲೆ ಆವೋಸ್‌ನಲ್ಲಿ ಇದ್ದರೆ ಅದು ಮಕಾವ್ ಅಥವಾ ತಿಮೋರ್‌ನದು. ಮೇಲೆ ರಿಪಬ್ಲಿಕಾ ಅಂತ ಅಚ್ಚೊತ್ತಿದ್ದರೆ ಅದು 1898ರದ್ದಲ್ಲ, 1910ರಲ್ಲಿ ಅಲ್ಲಿ ರಾಜನ ಆಳ್ವಿಕೆ ಮುಗಿದ ಮೇಲಿನದು. ಹೊಸಬರು ಈ ಅಚ್ಚನ್ನು ಅಂಚೆ ಮೊಹರು ಅಂದುಕೊಳ್ಳುತ್ತಾರೆ.

ಗುರುತು ಸಿಕ್ಕ ಕೂಡಲೇ ಒಂದು ಕಾಗದದ ಚೂರಿನಲ್ಲಿ ಪೆನ್ಸಿಲ್‌ನಲ್ಲಿ ಬರೆದು ಜೊತೆಗೇ ಇಡಿ. ನಾಳೆ ನೆನಪಿರುತ್ತದೆ ಅನ್ನಬೇಡಿ, ಇರುವುದಿಲ್ಲ.

## ಹಂತ 4: ಬಿಡಿಸಬೇಕೋ ಬೇಡವೋ ತೀರ್ಮಾನಿಸಿ

ಅನ್ವೇಷಕರ ಚೀಟಿಗಳಲ್ಲಿ ಎಷ್ಟೋ ಸಲ ಚೀಟಿಗಿಂತ ಮೊಹರೇ ದೊಡ್ಡದು. ಬರ್ಡ್‌ನ ಚೀಟಿ ಬಿಡಿಯಾಗಿ ಅಗ್ಗ. ಆದರೆ ಅದೇ ಚೀಟಿ, ಅಂಟಾರ್ಕ್ಟಿಕದ ಲಿಟ್ಲ್ ಅಮೆರಿಕಾ ಶಿಬಿರದ ಮೊಹರಿನೊಂದಿಗೆ, ಇಡೀ ಲಕೋಟೆಯ ಮೇಲೆ ಇದ್ದರೆ ಕಥೆಯೇ ಬೇರೆ.

ಕಾರವಾರದ ಕಡೆಯ ನೆಂಟರೊಬ್ಬರ ಹತ್ತಿರ ಅಂಟಾರ್ಕ್ಟಿಕದ ನಮ್ಮ ದಕ್ಷಿಣ ಗಂಗೋತ್ರಿ ನೆಲೆಯ ಮೊಹರು ಬಿದ್ದ ಲಕೋಟೆ ಇತ್ತು. ನನಗೆ ತೋರಿಸಬೇಕು ಅಂತ ಪ್ರೀತಿಯಿಂದ ಚೀಟಿಯನ್ನು ಕತ್ತರಿಸಿ, ನೀರಲ್ಲಿ ನೆನೆಸಿ, ಒಣಗಿಸಿ ತಂದಿದ್ದರು. ಮೊಹರಿನ ಮುಕ್ಕಾಲು ಭಾಗ ಕಸದ ಬುಟ್ಟಿಗೆ ಹೋಗಿತ್ತು. ಏನು ಹೇಳಲಿ? ಟೀ ಕುಡಿದು ಸುಮ್ನೆ ಕೂತೆ.

ಹಾಗಾಗಿ ಇವನ್ನು ಮುಟ್ಟಬೇಡಿ: ಫಸ್ಟ್ ಡೇ ಕವರ್ (ಚೀಟಿ ಬಿಡುಗಡೆಯಾದ ದಿನದ ಮೊಹರು ಬಿದ್ದ ಲಕೋಟೆ), ಹಡಗಿನ ಅಥವಾ ಧ್ರುವ ನೆಲೆಯ ಮೊಹರು ಇರುವ ಲಕೋಟೆ, 1940ಕ್ಕಿಂತ ಹಳೆಯ ಯಾವುದೇ ಇಡೀ ಲಕೋಟೆ, ರಿಜಿಸ್ಟರ್ ಗುರುತು ಇರುವವು. ಅನುಮಾನ ಇದ್ದರೂ ಬಿಡಿಸಬೇಡಿ. ಇವತ್ತು ಬಿಡಿಸದ್ದನ್ನು ನಾಳೆ ಬಿಡಿಸಬಹುದು, ಬಿಡಿಸಿದ್ದನ್ನು ವಾಪಸು ಅಂಟಿಸಲಾಗದು.

ಸ್ಟಿಕರ್ ತರಹದ ಅಂಟಿನ ಚೀಟಿಗಳೂ ಹಾಗೇ. ಈಚಿನ ಅಮೆರಿಕದ ಚೀಟಿಗಳು ನೀರಿಗೆ ಜಗ್ಗುವುದಿಲ್ಲ. ಸುತ್ತ ಅರ್ಧ ಸೆಂಟಿಮೀಟರ್ ಕಾಗದ ಬಿಟ್ಟು ಕತ್ತರಿಸಿ ಹಾಗೇ ಇಟ್ಟುಕೊಳ್ಳಿ.

ಜೋಡಿಯಾಗಿ ಮುದ್ರಣವಾದವನ್ನು ಬೇರೆ ಮಾಡಬೇಡಿ. ಬ್ರಿಟನ್ನಿನ 1973ರ ಸೆಟ್‌ನಲ್ಲಿ ಲಿವಿಂಗ್‌ಸ್ಟನ್ ಮತ್ತು ಸ್ಟಾನ್ಲಿ ಅಕ್ಕಪಕ್ಕ ಇರುತ್ತಾರೆ. ಆಸ್ಟ್ರೇಲಿಯಾದ 1970ರ ಕುಕ್ ಚೀಟಿಗಳು 5 ಒಂದೇ ಪಟ್ಟಿಯಲ್ಲಿ ಬರುತ್ತವೆ. ಹರಿದರೆ ಐದು ಬಿಡಿ ಚೀಟಿ, ಅಷ್ಟೇ.

## ಹಂತ 5: ನೆನೆಸುವುದು

1. ಲಕೋಟೆಯಿಂದ ಚೀಟಿ ಇರುವ ಚೂರನ್ನು ಸುತ್ತ ಒಂದು ಸೆಂಟಿಮೀಟರ್ ಬಿಟ್ಟು ಕತ್ತರಿಸಿ. ಹಲ್ಲಿಗೆ ಕತ್ತರಿ ತಾಗಬಾರದು.

2. ಬಣ್ಣದ ಕಾಗದದ ಮೇಲಿರುವವನ್ನು ಬೇರೆ ತೆಗೆದಿಡಿ. ಕೆಂಪು, ಹಸಿರು, ಖಾಕಿ ಲಕೋಟೆಗಳು ಬಣ್ಣ ಬಿಡುತ್ತವೆ. ನೇರಳೆ ಶಾಯಿಯ ರಬ್ಬರ್ ಮೊಹರು ಕೂಡ. ಲಂಡನ್ನಿನಿಂದ ಬಂದ ಕೆಂಪು ಲಕೋಟೆಯೊಂದನ್ನು ಬೇರೆಯವುಗಳ ಜೊತೆ ಹಾಕಿಬಿಟ್ಟಿದ್ದೆ. ಹತ್ತು ನಿಮಿಷದಲ್ಲಿ 1972ರ ಕ್ಯಾಪ್ಟನ್ ಸ್ಕಾಟ್ ಓಕುಳಿ ಆಡಿ ಬಂದವನ ಹಾಗೆ ಆಗಿದ್ದ, ಅವನ ಜೊತೆಗೆ ಇನ್ನೂ ಏಳೆಂಟು ಮಂದಿ.

3. ಅಗಲ ತಟ್ಟೆಯಲ್ಲಿ ಎರಡು ಬೆರಳು ನೀರು. ತಣ್ಣಗಿನದು ಅಥವಾ ಉಗುರುಬೆಚ್ಚಗಿನದು. ಬಿಸಿ ನೀರು ಬೇಡ, ಸೋಪು ಬೇಡ, ಉಪ್ಪು ಬೇಡ. ಕೆಟಲ್‌ನ ಹಬೆಗೆ ಹಿಡಿಯುವ ಅಜ್ಜನ ಕಾಲದ ಉಪಾಯವಂತೂ ಬೇಡವೇ ಬೇಡ.

4. ಚೀಟಿಯ ಮುಖ ಮೇಲಕ್ಕೆ ಇರುವಂತೆ ತೇಲಿಬಿಡಿ. ಒಂದು ಸಲಕ್ಕೆ ಹತ್ತು ಹದಿನೈದು ಸಾಕು.

5. 15ರಿಂದ 30 ನಿಮಿಷ ಬಿಡಿ. ಅಂಟು ಕರಗಿದಾಗ ಚೀಟಿ ತಾನೇ ಜಾರುತ್ತದೆ. ಜಾರದಿದ್ದರೆ ಇನ್ನೂ ಹತ್ತು ನಿಮಿಷ. ಎಳೆಯಬೇಡಿ. ನೆನೆದ ಕಾಗದ ಹಪ್ಪಳದ ಹಿಟ್ಟಿನಷ್ಟೇ ಮೆತ್ತಗೆ, ಹಿಡಿದು ಜಗ್ಗಿದರೆ ಹಿಂಬದಿಯ ಒಂದು ಪದರ ಲಕೋಟೆಯ ಜೊತೆ ಹೋಗುತ್ತದೆ. ಮೇಲಿನಿಂದ ಚೆನ್ನಾಗಿಯೇ ಕಾಣುವ ಚೀಟಿಯನ್ನು ಬೆಳಕಿಗೆ ಹಿಡಿದರೆ ನಡುವೆ ತೆಳ್ಳಗೆ ಹೊಳೆಯುತ್ತದೆ. ಬೆಲೆ ಅಲ್ಲಿಗೆ ಮುಗಿಯಿತು.

6. ಎರಡನೇ ತಟ್ಟೆಯ ಶುದ್ಧ ನೀರಲ್ಲಿ ಒಮ್ಮೆ ಅದ್ದಿ, ಹಿಂಬದಿಯನ್ನು ಬೆರಳ ತುದಿಯಿಂದ ಮೆಲ್ಲಗೆ ಸವರಿ. ಜಿಗುಟು ಹೋಗಿದೆ ಅನ್ನಿಸಿದರೆ ಸಾಕು.

ನೀರಿಗೆ ಬಣ್ಣ ಇಳಿಯುತ್ತಿದ್ದರೆ ತಕ್ಷಣ ಎಲ್ಲವನ್ನೂ ತೆಗೆದು ನೀರು ಬದಲಿಸಿ. ಒಂದು ನಿಮಿಷವೂ ಕಾಯಬೇಡಿ.

ಅಂಟು ಹಾಗೇ ಇರುವ ಹೊಸ ಚೀಟಿಗಳು, ಅಂದರೆ ಮಿಂಟ್, ಈ ಹಂತಕ್ಕೆ ಬರಲೇಬಾರದು. ಇದನ್ನು ಹೇಳಬೇಕಾಗಿಲ್ಲ ಅಂದುಕೊಂಡಿದ್ದೆ. ಹೋದ ವರ್ಷ ಒಬ್ಬರು 'ಸ್ವಚ್ಛ ಮಾಡಲು' ಎವರೆಸ್ಟ್ ಜೋಡಿಯನ್ನು ತೊಳೆದು ತಂದ ಮೇಲೆ ಹೇಳಲೇಬೇಕು ಅನ್ನಿಸಿತು.

## ಹಂತ 6: ಒಣಗಿಸುವುದು

ಬ್ಲಾಟಿಂಗ್ ಪೇಪರ್ ಮೇಲೆ ಮುಖ ಕೆಳಗೆ ಮಾಡಿ ಹರಡಿ. ಹಳೆಯ ಪತ್ರಿಕೆ ಬೇಡ, ಅದರ ಶಾಯಿ ಹತ್ತುತ್ತದೆ. ಫ್ಯಾನ್ ಬೇಡ, ಇಸ್ತ್ರಿ ಪೆಟ್ಟಿಗೆ ಬೇಡ, ಬಿಸಿಲು ಬೇಡ. ಮುಕ್ಕಾಲು ಒಣಗಿ ಸುರುಳಿ ಸುತ್ತಲು ಶುರುವಾದಾಗ ಎರಡು ಹೊಸ ಬ್ಲಾಟಿಂಗ್ ಹಾಳೆಗಳ ನಡುವೆ ಇಟ್ಟು, ಮೇಲೆ ದಪ್ಪ ಪುಸ್ತಕ ಹೇರಿ ಒಂದು ರಾತ್ರಿ ಬಿಡಿ. ಮಳೆಗಾಲದಲ್ಲಿ ಎರಡು ರಾತ್ರಿ.

ಬೆಳಗ್ಗೆ ಚೀಟಿ ಬ್ಲಾಟಿಂಗ್‌ಗೆ ಅಂಟಿಕೊಂಡಿದ್ದರೆ ಅಂಟು ಪೂರ್ತಿ ಹೋಗಿಲ್ಲ ಅಂತ ಅರ್ಥ. ಕೀಳಬೇಡಿ. ಬ್ಲಾಟಿಂಗ್ ಸಮೇತ ಮತ್ತೆ ನೀರಿಗೆ.

## ಹಂತ 7: ಆಲ್ಬಂಗೆ ಸೇರಿಸುವುದು

ಈಗ ಆಲ್ಬಂ ಕೊಳ್ಳಿ. ಹಾಳೆ ಬಿಡಿಬಿಡಿಯಾಗಿ ತೆಗೆಯಲು ಬರುವಂಥದ್ದು. ಫೋಟೊ ಹಾಕುವ ಜಿಗುಟು ಹಾಳೆಯ ಆಲ್ಬಂ ಚೀಟಿಗೆ ವಿಷ. ಮೆತ್ತಗಿನ, ವಾಸನೆ ಬರುವ ಪಿವಿಸಿ ಪ್ಲಾಸ್ಟಿಕ್ ಕೂಡ. ವರ್ಷಗಳಲ್ಲಿ ಅದು ಬೆವರಿ ಚೀಟಿಗೆ ಅಂಟಿಕೊಳ್ಳುತ್ತದೆ. ಪಾಲಿಯೆಸ್ಟರ್ ಅಥವಾ ಪಾಲಿಪ್ರೊಪಿಲೀನ್ ಅಂತ ಕೇಳಿ ತನ್ನಿ.

ಮೊಹರು ಬಿದ್ದ ಸಾಧಾರಣ ಚೀಟಿಗೆ ಹಿಂಜ್, ಅಂದರೆ ಅಂಟು ಹಚ್ಚಿದ ಮಡಿಕೆಯ ಸಣ್ಣ ಕಾಗದ, ನಡೆಯುತ್ತದೆ. ಹಿಂಜ್‌ನ ಸಣ್ಣ ಮಡಿಕೆಯನ್ನು ನಾಲಿಗೆಗೆ ತಾಗಿಸಿದಷ್ಟೇ ಒದ್ದೆ ಮಾಡಿ, ಚೀಟಿಯ ಹಿಂದೆ ಮೇಲಂಚಿಗೆ ಹತ್ತಿರ, ಹಲ್ಲಿಗಿಂತ ಕೆಳಗೆ ಅಂಟಿಸಿ. ಉದ್ದ ಭಾಗ ಹಾಳೆಗೆ. ಮುಂದೆ ತೆಗೆಯಬೇಕಾದರೆ ಪೂರ್ತಿ ಒಣಗಿದ ಮೇಲೆಯೇ ತೆಗೆಯಿರಿ. ಮಿಂಟ್ ಚೀಟಿಗೆ ಹಿಂಜ್ ತಾಗಿಸಬೇಡಿ. ಅದಕ್ಕೆ ಕಪ್ಪು ಹಿನ್ನೆಲೆಯ ಮೌಂಟ್ (ಪಾರದರ್ಶಕ ಪ್ಲಾಸ್ಟಿಕ್ ಚೀಲ) ಕತ್ತರಿಸಿ ಒಳಗೆ ಜಾರಿಸಿ. ಖರ್ಚು ಜಾಸ್ತಿ, ಆದರೆ ಅಂಟು ಉಳಿಯುತ್ತದೆ.

## ಹಂತ 8: ಕೆಳಗೆ ಏನು ಬರೆಯಬೇಕು

ದೇಶ, ವರ್ಷ, ಸಂದರ್ಭ, ಒಂದು ಸಾಲಿನ ವಿವರ. ಅಷ್ಟು ಸಾಕು, ಅನ್ವೇಷಕನ ಜೀವನಚರಿತ್ರೆ ಬೇಡ. ಆದರೆ ಚೀಟಿಯಲ್ಲಿ ಇರುವುದೆಲ್ಲ ನಿಜ ಅಂತಲೂ ಬರೆಯಬೇಡಿ, ಇಲ್ಲಿ ಜಾರುವವರು ಬಹಳ. 1893ರ 1 ಸೆಂಟ್ ಚೀಟಿಯಲ್ಲಿ ದೂರದಿಂದ ನೆಲ ಕಾಣುವಾಗ ಕೊಲಂಬಸ್‌ಗೆ ಗಡ್ಡ ಇಲ್ಲ. 2 ಸೆಂಟ್‌ನಲ್ಲಿ ದಡಕ್ಕೆ ಕಾಲಿಡುವಷ್ಟರಲ್ಲಿ ಗಡ್ಡ ಬಂದುಬಿಟ್ಟಿದೆ. ಅವನು ಬದುಕಿದ್ದಾಗ ಬರೆದ ಚಿತ್ರ ಅಂತ ಖಚಿತವಾಗಿ ಹೇಳುವಂಥದ್ದು ಒಂದೂ ಇಲ್ಲ. 1903ರ ಸೇಂಟ್ ಕಿಟ್ಸ್-ನೆವಿಸ್ ಚೀಟಿಯಲ್ಲಿ ಅವನ ಕೈಗೆ ದೂರದರ್ಶಕವನ್ನೇ ಕೊಟ್ಟಿದ್ದಾರೆ, ಅದು ಹುಟ್ಟಿದ್ದು ಅವನು ಸತ್ತು ನೂರು ವರ್ಷ ಆದ ಮೇಲೆ! 1897ರ ನ್ಯೂಫೌಂಡ್‌ಲೆಂಡ್ ಚೀಟಿಯಲ್ಲಿ ಜಾನ್ ಕ್ಯಾಬಟ್ ಅಂತ ಇರುವ ಮುಖ ಅವನ ಮಗ ಸೆಬಾಸ್ಟಿಯನ್‌ನದು. ಇಂಥ ಒಂದು ಸಾಲು ಚೀಟಿಯ ಕೆಳಗಿದ್ದರೆ, ನೋಡಲು ಬಂದವರು ಮುಂದಿನ ಹಾಳೆಗೆ ಹೋಗುವುದೇ ಇಲ್ಲ.

ಪ್ರದರ್ಶನಕ್ಕೆ ಇಡುವ ಆಸೆ ಇದ್ದರೆ ಮೊದಲಿನಿಂದಲೇ ಎ4 ಹಾಳೆಯಲ್ಲಿ ಮಾಡಿ. ಒಂದು ಚೌಕಟ್ಟಿಗೆ 16 ಹಾಳೆ ಹಿಡಿಸುತ್ತದೆ.

## ಮಳೆಗಾಲದಲ್ಲಿ ನೋಡಬೇಕಾದ ಲಕ್ಷಣಗಳು

ಕರಾವಳಿ, ಮಲೆನಾಡಿನವರಿಗೆ ಇದು ದೊಡ್ಡ ತಲೆನೋವು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹದಿನೈದು ದಿನಕ್ಕೊಮ್ಮೆ ಆಲ್ಬಂ ತೆರೆಯಿರಿ.

ಹಾಳೆ ತಿರುವುವಾಗ ಚರ್ ಅಂತ ಸದ್ದು ಬಂದರೆ ಮಿಂಟ್ ಚೀಟಿಯ ಅಂಟು ಹಿಡಿಯಲು ಶುರುವಾಗಿದೆ. ಅಲ್ಲೇ ನಿಲ್ಲಿಸಿ, ಒಣ ಹವೆ ಬರುವವರೆಗೆ ಆ ಹಾಳೆ ಎಳೆಯಬೇಡಿ. ಹಲ್ಲಿನ ತುದಿಯಲ್ಲಿ ತುಕ್ಕಿನ ಬಣ್ಣದ ಚುಕ್ಕೆ ಕಂಡರೆ ಅದು ಬೂಷ್ಟು. ಆ ಚೀಟಿಯನ್ನು ಕೂಡಲೇ ಬೇರೆ ಪಾಕೆಟ್‌ಗೆ ಹಾಕಿ, ಬೇರೆ ಕೋಣೆಯಲ್ಲಿಡಿ, ಪಕ್ಕದವಕ್ಕೂ ಹರಡುತ್ತದೆ. ಹಳೆಯ ಮಣ್ಣಿನ ವಾಸನೆ ಬಂದರೆ ಚುಕ್ಕೆ ಇನ್ನೂ ಕಾಣದಿದ್ದರೂ ಒಂದೊಂದೇ ಹಾಳೆ ನೋಡಿ.

ಆಲ್ಬಂಗಳನ್ನು ಒಂದರ ಮೇಲೊಂದು ಪೇರಿಸಬೇಡಿ, ಭಾರಕ್ಕೆ ಚೀಟಿ ಹಾಳೆಗೆ ಅಂಟುತ್ತದೆ. ಪುಸ್ತಕದ ಹಾಗೆ ನಿಲ್ಲಿಸಿ, ನಡುವೆ ಸ್ವಲ್ಪ ಗಾಳಿಯಾಡಲಿ, ಹೊರಗೋಡೆಗೆ ತಾಗುವ ಕಪಾಟು ಬೇಡ. ಸಿಲಿಕಾ ಜೆಲ್ ಪೊಟ್ಟಣಗಳನ್ನು ಕಪಾಟಿನ ಮೂಲೆಯಲ್ಲಿ ಇಡಿ, ಆಲ್ಬಂ ಒಳಗಲ್ಲ. ನುಸಿಗುಳಿಗೆಯನ್ನೂ ಆಲ್ಬಂ ಒಳಗೆ ಹಾಕಬೇಡಿ. ದೀಪಾವಳಿ ಹೊತ್ತಿಗೆ ಬಿಸಿಲು ಚೆನ್ನಾಗಿ ಬಿದ್ದ ಒಂದು ದಿನ, ನೆರಳಿರುವ ಕೋಣೆಯಲ್ಲಿ, ಎಲ್ಲ ಆಲ್ಬಂಗಳನ್ನೂ ಬೀಸಣಿಗೆಯ ಹಾಗೆ ಬಿಡಿಸಿ ನಿಲ್ಲಿಸಿ. ಸಂಜೆ ಮುಚ್ಚುವ ಮೊದಲು ಮಸೂರ ಹಿಡಿದು ಒಂದು ಸುತ್ತು ನೋಡಿ ಒಳಗಿಡಿ.